ಮುತ್ತಿನ ಸರದಂಥ ಒಂದು ಸಂಖ್ಯೆ: ಮಳಖೇಡದಿಂದ ಪುಣೆಯವರೆಗೆ

ಮೊದಲು ನಿಮಗೊಂದು ಸಣ್ಣ ಕೆಲಸ ಕೊಡ್ತೀನಿ. ಕಂಪ್ಯೂಟರಿನಲ್ಲಿ ಎಕ್ಸೆಲ್ ತೆರೆದು ಒಂಬತ್ತು ಒಂದುಗಳ ಸಂಖ್ಯೆಯನ್ನು, ಅಂದ್ರೆ 111111111 ಅನ್ನು, ಅದರಿಂದಲೇ ಗುಣಿಸಿ. ಅಂಕಿಗಳೆಲ್ಲ ಕಾಣುವ ಹಾಗೆ ಕಾಲಂ ಅಗಲ ಮಾಡಿ, ಫಾರ್ಮ್ಯಾಟ್ ಬದಲಿಸಿ ನೋಡಿ. ಉತ್ತರ 12345678987654300 ಅಂತ ಬರುತ್ತೆ. ಅದೇ ಲೆಕ್ಕವನ್ನು ಬ್ರೌಸರಿನ ಜಾವಾಸ್ಕ್ರಿಪ್ಟ್‌ಗೆ ಕೊಟ್ಟರೆ 12345678987654320 ಅನ್ನುತ್ತೆ. ಎರಡೂ ತಪ್ಪು. ಸರಿಯಾದ ಉತ್ತರ 12345678987654321.

ತಪ್ಪು ಅಂತ ಹೇಗೆ ಗೊತ್ತಾಯ್ತು? ಇನ್ನೊಂದು ದೊಡ್ಡ ಯಂತ್ರ ಬೇಕಾಗಲಿಲ್ಲ. ಸಂಖ್ಯೆಯನ್ನು ಎಡದಿಂದ ಓದಿ: ಒಂದರಿಂದ ಒಂಬತ್ತರವರೆಗೆ ಏರುತ್ತೆ, ಮತ್ತೆ ಒಂದಕ್ಕೆ ಇಳಿಯುತ್ತೆ. ಯಂತ್ರದ ಉತ್ತರದಲ್ಲಿ ಕೊನೆಯ ಮಣಿ ಉದುರಿಹೋಗಿದೆ. ಕಣ್ಣಿಗೇ ಕಾಣುತ್ತೆ.

ಇವತ್ತಿನ ಮಾತು ಈ ಒಂದು ಸಂಖ್ಯೆಯ ಬಗ್ಗೆ, ಅದಕ್ಕೆ ಹೆಸರು ಕೊಟ್ಟ ಒಬ್ಬ ಶಾಲಾ ಮಾಸ್ತರರ ಬಗ್ಗೆ, ಮತ್ತು ಅವರಿಗಿಂತ ಸಾವಿರ ವರ್ಷಕ್ಕೂ ಹಿಂದೆ ಇಂಥದೇ ಸಂಖ್ಯೆಗಳನ್ನು ಪೋಣಿಸಿದ ನಮ್ಮ ನಾಡಿನ ಒಬ್ಬ ಆಚಾರ್ಯರ ಬಗ್ಗೆ. ವಿಡಿಯೋದಲ್ಲಿ ಬೋರ್ಡಿನ ಮೇಲೆ ಬರೆದ ಲೆಕ್ಕಗಳನ್ನು ಇಲ್ಲಿ ಸಾಲಾಗಿ ಕೊಟ್ಟಿದ್ದೀನಿ. ಕೈಯಲ್ಲಿ ಒಂದು ಪೆನ್ನು, ಒಂದು ಹಾಳೆ ಇಟ್ಟುಕೊಂಡು ಓದಿ. ಸುಮ್ಮನೆ ನಂಬಬೇಡಿ, ಮಾಡಿ ನೋಡಿ.

ಪುಣೆಯ ವಿದ್ಯಾರ್ಥಿ

ಪುಣೆಯ ಫರ್ಗ್ಯುಸನ್ ಕಾಲೇಜು ಶುರುವಾಗಿದ್ದು 1885ರಲ್ಲಿ. ಗಣಿತದ ಮಟ್ಟಿಗೆ ಇದು ಸಾಮಾನ್ಯ ಜಾಗವಲ್ಲ. 1899ರಲ್ಲಿ ಕೇಂಬ್ರಿಜ್‌ನಲ್ಲಿ ಸೀನಿಯರ್ ರ‍್ಯಾಂಗ್ಲರ್ ಆದ ಮೊದಲ ಭಾರತೀಯ ಆರ್. ಪಿ. ಪರಾಂಜಪೆ ಇದೇ ಕಾಲೇಜಿನಲ್ಲಿ ಓದಿದವರು, ಮುಂದೆ ಇಲ್ಲೇ ಪ್ರಾಂಶುಪಾಲರಾದವರು. 1907ರಲ್ಲಿ ಹುಟ್ಟಿದ ಇಂಡಿಯನ್ ಮ್ಯಾಥಮ್ಯಾಟಿಕಲ್ ಸೊಸೈಟಿಯ ಗ್ರಂಥಾಲಯ ಬಹಳ ವರ್ಷ ಇದ್ದದ್ದೂ ಇಲ್ಲೇ.

ಈ ಕಾಲೇಜಿಗೆ 1923ರಲ್ಲಿ ಒಬ್ಬ ಹುಡುಗ ಬಂದು ಸೇರಿದ. ಹೆಸರು ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್. ಹುಟ್ಟಿದ್ದು 1905ರಲ್ಲಿ, ಡಹಾಣುವಿನಲ್ಲಿ. ಎಂಟು ವರ್ಷದವನಿದ್ದಾಗ ತಾಯಿ ತೀರಿಕೊಂಡಿದ್ದರು. ತಂದೆ ಗುಮಾಸ್ತರು, ಜ್ಯೋತಿಷ್ಯದ ಹುಚ್ಚು ಇದ್ದವರು. ಜ್ಯೋತಿಷ್ಯ ಅಂದ್ರೆ ಲೆಕ್ಕ ತಾನೇ? ಮನೆಯಲ್ಲಿ ಅಂಕಿಗಳ ಓಡಾಟ ಚಿಕ್ಕಂದಿನಿಂದಲೇ ಇತ್ತು. ಹೈಸ್ಕೂಲು ಠಾಣೆಯಲ್ಲಿ ಆಯ್ತು. ಪುಣೆಯಲ್ಲಿ ಓದುತ್ತಿದ್ದಾಗ, 1927ರಲ್ಲಿ, ವಿದ್ಯಾರ್ಥಿಯೊಬ್ಬ ಮಾಡಿದ ಸ್ವಂತ ಗಣಿತ ಕೆಲಸಕ್ಕೆ ಕೊಡುವ ರ‍್ಯಾಂಗ್ಲರ್ ಪರಾಂಜಪೆ ಬಹುಮಾನ ಅವರಿಗೆ ಬಂತು. 1929ರಲ್ಲಿ ಬಿ.ಎಸ್ಸಿ. ಮುಗಿಯಿತು. ಅಷ್ಟೇ. ಎಂ.ಎಸ್ಸಿ. ಇಲ್ಲ, ಡಾಕ್ಟರೇಟ್ ಇಲ್ಲ, ವಿಶ್ವವಿದ್ಯಾಲಯದ ನೌಕರಿ ಇಲ್ಲ. 1930ರಿಂದ 1962ರವರೆಗೆ ನಾಸಿಕದ ಪಕ್ಕದ ದೇವಳಾಲಿಯಲ್ಲಿ ಶಾಲಾ ಮಾಸ್ತರಿಕೆ.

ಕಾಪ್ರೇಕರ್ ಹೆಸರು ಕೇಳಿದ ಕೂಡಲೇ ನಮ್ಮ ಚಾನೆಲ್ ನೋಡುವವರಿಗೆ 6174 ನೆನಪಾಗುತ್ತೆ. ನಾಲ್ಕಂಕಿಯ ಸಂಖ್ಯೆಯೊಂದರ ಅಂಕಿಗಳನ್ನು ಇಳಿಕೆಯಲ್ಲೂ ಏರಿಕೆಯಲ್ಲೂ ಬರೆದು ಕಳೆಯುತ್ತಾ ಹೋದರೆ ಏಳು ಹೆಜ್ಜೆಯೊಳಗೆ 6174ಕ್ಕೆ ಬಂದು ನಿಲ್ಲುವ ಆಟ ಅದು. ನಾಲ್ಕೂ ಅಂಕಿ ಒಂದೇ ಆಗಿರಬಾರದು ಅಷ್ಟೇ. ಇವತ್ತು ಅದನ್ನು ಪಕ್ಕಕ್ಕಿಡೋಣ. ಅದಕ್ಕಿಂತ ಮೊದಲೇ ಅವರ ತಲೆ ಹೊಕ್ಕಿದ್ದು ನಮ್ಮ ಹದಿನೇಳಂಕಿಯ ಸಂಖ್ಯೆಯ ಕುಟುಂಬ.

ಡೆಮ್ಲೋ ಅಂದ್ರೆ ರೈಲು ನಿಲ್ದಾಣ

ಪುಣೆಯಿಂದ ಮುಂಬೈಗೆ ರೈಲಿನಲ್ಲಿ ಹೋಗಿರುವವರಿಗೆ ಗೊತ್ತು. ಘಾಟಿ ಇಳಿದು, ಕಲ್ಯಾಣ್ ದಾಟಿದ ಮೇಲೆ ಡೊಂಬಿವಲಿ ಬರುತ್ತೆ. ಈಗ ಲೋಕಲ್ ರೈಲಿಗೆ ಜನ ಜೋತುಬೀಳುವ ಊರು. ಆಗ ಅದು ಜಿ.ಐ.ಪಿ. ರೈಲ್ವೆಯ ನಿಲ್ದಾಣ, ಮುಂಬೈಯಿಂದ 30 ಮೈಲಿ. ಅದಕ್ಕೆ ಡೆಮ್ಲೋ ಅಂತಲೂ ಹೆಸರಿತ್ತು. ಆ ನಿಲ್ದಾಣದಲ್ಲಿ ಕಾಪ್ರೇಕರರಿಗೆ ಈ ಸಂಖ್ಯೆಗಳ ಯೋಚನೆ ಹೊಳೆಯಿತು, ಹಾಗಾಗಿ ಡೆಮ್ಲೋ ಸಂಖ್ಯೆಗಳು ಅಂತಲೇ ಕರೆದರು. ಗಣಿತದಲ್ಲಿ ಜನರ ಹೆಸರಿನ ಸಂಖ್ಯೆಗಳು ಬೇಕಾದಷ್ಟಿವೆ. ರೈಲು ನಿಲ್ದಾಣದ ಹೆಸರಿನ ಸಂಖ್ಯೆ ಅಪರೂಪ.

1938ರಲ್ಲಿ ಸೊಸೈಟಿಯ 'ಮ್ಯಾಥಮ್ಯಾಟಿಕ್ಸ್ ಸ್ಟೂಡೆಂಟ್' ಪತ್ರಿಕೆಯಲ್ಲಿ 'ವಂಡರ್‌ಫುಲ್' ಡೆಮ್ಲೋ ಸಂಖ್ಯೆಗಳ ಬಗ್ಗೆ ಅವರ ಲೇಖನ ಬಂತು. ಮರುವರ್ಷ, 1939ರಲ್ಲಿ, ಕೆ. ಆರ್. ಗುಂಜೀಕರ್ ಅವರ ಜೊತೆ ಸೇರಿ ಅದರ ಸಿದ್ಧಾಂತವನ್ನು ಮುಂಬೈ ವಿಶ್ವವಿದ್ಯಾಲಯದ ಪತ್ರಿಕೆಯಲ್ಲಿ ಬರೆದರು. ಆ ವಂಡರ್‌ಫುಲ್ ಸಂಖ್ಯೆಗಳು ಇವು:

1 × 1 = 1
11 × 11 = 121
111 × 111 = 12321
1111 × 1111 = 1234321

ಹೀಗೇ ಒಂಬತ್ತು ಒಂದುಗಳವರೆಗೆ ಹೋದರೆ ನಮ್ಮ ಸಂಖ್ಯೆ.

ಸರ ಪೋಣಿಸುವ ಬಗೆ

ಹೀಗೆ ಯಾಕಾಗುತ್ತೆ? ಮೂರನೇ ತರಗತಿಯ ಗುಣಾಕಾರ ಸಾಕು. 111 ಅನ್ನು 111ರಿಂದ ಗುಣಿಸುವಾಗ ನಾವು ಮೂರು ಸಾಲು ಬರೀತೀವಿ: 111, ಅದರ ಕೆಳಗೆ ಒಂದು ಮನೆ ಎಡಕ್ಕೆ ಸರಿದ 111, ಅದರ ಕೆಳಗೆ ಇನ್ನೊಂದು ಮನೆ ಸರಿದ 111. ಈಗ ಕೂಡಿ. ಬಲತುದಿಯ ಕಂಬಸಾಲಿನಲ್ಲಿ ಒಂದೇ ಒಂದು ಇದೆ, ಮುಂದಿನದರಲ್ಲಿ ಎರಡು ಒಂದುಗಳು, ನಡುವೆ ಮೂರು, ಆಮೇಲೆ ಎರಡು, ಒಂದು. ಉತ್ತರ 12321. ಅಂದ್ರೆ ಉತ್ತರದ ಒಂದೊಂದು ಅಂಕಿಯೂ ಆ ಕಂಬಸಾಲಿನಲ್ಲಿ ಎಷ್ಟು ಒಂದುಗಳಿವೆ ಅನ್ನೋ ಎಣಿಕೆ, ಅಷ್ಟೇ.

ಒಂಬತ್ತು ಒಂದುಗಳಿದ್ದರೆ ನಡುವಿನ ಕಂಬಸಾಲಿನಲ್ಲಿ ಒಂಬತ್ತು. ಇನ್ನೂ ಒಂದೇ ಅಂಕಿ, ತೊಂದರೆ ಇಲ್ಲ. ಹತ್ತು ಒಂದುಗಳಿದ್ದರೆ? ನಡುವೆ 10 ಬಂತು. ಸೊನ್ನೆ ಬರೆದು ಕೈಯಲ್ಲಿ ಒಂದು. ಮುಂದಿನದು 9, ಕೈಯಲ್ಲಿದ್ದ ಒಂದು ಸೇರಿ ಮತ್ತೆ 10. ಮತ್ತೆ ಸೊನ್ನೆ, ಕೈಯಲ್ಲಿ ಒಂದು. ಅದರ ಮುಂದಿನ 8ಕ್ಕೆ ಒಂದು ಸೇರಿ 9 ಆಯ್ತು. ಉತ್ತರ:

1111111111 × 1111111111 = 1234567900987654321

ಎಡಗಡೆ ಓದಿ ನೋಡಿ: ಒಂದು, ಎರಡು, ಮೂರು, ನಾಲ್ಕು, ಐದು, ಆರು, ಏಳು, ಒಂಬತ್ತು. ಎಂಟು ಮಾಯ! ನಡುವೆ ಎರಡು ಸೊನ್ನೆ. ಸರ ಹರಿಯಿತು. ಈ ಕಾಣೆಯಾದ ಎಂಟನ್ನು ನೆನಪಿಟ್ಟುಕೊಳ್ಳಿ, ಮುಂದೆ ಇನ್ನೊಂದು ಕಡೆ ಸಿಗುತ್ತೆ.

ಅಂದ್ರೆ ಈ ಸರಣಿಯಲ್ಲಿ ಪೂರ್ತಿ ಸರವಾಗಿ ಉಳಿಯುವ ಕೊನೆಯ ಮತ್ತು ಅತಿ ದೊಡ್ಡ ಸಂಖ್ಯೆ 12345678987654321. ಇದನ್ನು ನಮ್ಮ ಲೆಕ್ಕದಲ್ಲಿ ಓದೋದಾದರೆ 123 ಕೋಟಿ 45 ಲಕ್ಷ 67 ಸಾವಿರದ 898 ಕೋಟಿ, 76 ಲಕ್ಷ 54 ಸಾವಿರದ 321. 'ಕೋಟಿ' ಎರಡೆರಡು ಸಲ ಹೇಳಬೇಕಾಯ್ತು. ಕೋಟಿಯಿಂದ ಮೇಲಕ್ಕೆ ನಮ್ಮ ದಿನಬಳಕೆಯ ಮಾತಿನಲ್ಲಿ ಹೆಸರುಗಳು ಮುಗಿದುಹೋಗಿವೆ. ಒಂದು ಕಾಲದಲ್ಲಿ ಹಾಗಿರಲಿಲ್ಲ. ಅದಕ್ಕೆ ಮಳಖೇಡಕ್ಕೆ ಹೋಗಬೇಕು.

ಪುಣೆಯ ಹಳೆಯ ದೊರೆಗಳು, ಮಳಖೇಡದ ಪುಸ್ತಕ

ಪುಣೆಯಿಂದ ಮಳಖೇಡಕ್ಕೆ ಹಾರೋದು ದೂರದ ಜಿಗಿತ ಅನ್ನಿಸಬಹುದು. ಅಷ್ಟೇನೂ ಅಲ್ಲ. ಪುಣೆ ಸೀಮೆಯ ಹೆಸರು ಮೊದಲು ಸಿಗೋದೇ ರಾಷ್ಟ್ರಕೂಟ ದೊರೆ ಒಂದನೇ ಕೃಷ್ಣನ ಕಾಲದ ತಾಮ್ರಪಟಗಳಲ್ಲಿ, ಕ್ರಿ.ಶ. 758 ಮತ್ತು 768ರಲ್ಲಿ. ಅದೇ ವಂಶದ ಅಮೋಘವರ್ಷ ನೃಪತುಂಗ 814ರಿಂದ ಸುಮಾರು 878ರವರೆಗೆ ಮಾನ್ಯಖೇಟದಿಂದ, ಅಂದ್ರೆ ಇವತ್ತಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ, ಆಳಿದ. 'ಕವಿರಾಜಮಾರ್ಗ' ಅಂದ ಕೂಡಲೇ ನಮಗೆ ನೆನಪಾಗುವ ದೊರೆ. ಅದೇ ಕಾಲದಲ್ಲಿ, ಸುಮಾರು 850ರ ಹೊತ್ತಿಗೆ, ಜೈನ ಆಚಾರ್ಯ ಮಹಾವೀರರು ಅದೇ ದೊರೆಯನ್ನು ಹೊಗಳಿ ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಬರೆದರು.

ಈ ಪುಸ್ತಕದ ವಿಶೇಷ ಏನು? ಅದಕ್ಕೂ ಮುಂಚಿನ ದೊಡ್ಡ ಗ್ರಂಥಗಳಲ್ಲಿ ಗಣಿತ ಬರೋದು ಹೆಚ್ಚಾಗಿ ಜ್ಯೋತಿಷ ಶಾಸ್ತ್ರದ ಒಂದು ಅಧ್ಯಾಯವಾಗಿ. ಇದು ಹಾಗಲ್ಲ. ಗ್ರಹಗಳ ಸುದ್ದಿ ಇಲ್ಲ. ಗುಣಾಕಾರ, ಭಾಗಾಕಾರ, ಬಡ್ಡಿ, ಪಾಲು, ಕ್ಷೇತ್ರಫಲ, ಹಳ್ಳದ ಅಳತೆ ಇಷ್ಟೇ. ಪಾಠ ಹೇಳಿಕೊಡುವ ಪುಸ್ತಕ. 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಇದನ್ನು ಇಂಗ್ಲಿಷ್ ಅನುವಾದದ ಜೊತೆ ಅಚ್ಚು ಮಾಡಿಸಿದರು. ಆ ಸಂಪಾದನೆಗೆ ಕನ್ನಡ ಲಿಪಿಯ ಹಸ್ತಪ್ರತಿಗಳೂ ನೆರವಾದವು. 2000ದಲ್ಲಿ ಪದ್ಮಾವತಮ್ಮ ಅವರ ಕನ್ನಡ ಅನುವಾದದ ಜೊತೆಗೂ ಈ ಗ್ರಂಥ ಹೊಂಬುಜದಿಂದ ಹೊರಬಂತು.

ಮಹಾವೀರರು ಸ್ಥಾನಗಳಿಗೆ 24 ಹೆಸರು ಕೊಡ್ತಾರೆ: ಏಕದಿಂದ ಶುರುವಾಗಿ ಮಹಾಕ್ಷೋಭದವರೆಗೆ. ಆ ಹೆಸರುಗಳಲ್ಲಿ ನಮ್ಮ ಸಂಖ್ಯೆಯನ್ನು ಓದೋಣ: ಒಂದು ಕ್ಷೋಣಿ, ಎರಡು ಮಹಾಪದ್ಮ, ಮೂರು ಪದ್ಮ, ನಾಲ್ಕು ಮಹಾಖರ್ವ, ಐದು ಖರ್ವ, ಆರು ನ್ಯರ್ಬುದ, ಏಳು ಅರ್ಬುದ, ಎಂಟು ಶತಕೋಟಿ, ಒಂಬತ್ತು ದಶಕೋಟಿ, ಎಂಟು ಕೋಟಿ, ಏಳು ದಶಲಕ್ಷ, ಆರು ಲಕ್ಷ, ಐದು ದಶಸಹಸ್ರ, ನಾಲ್ಕು ಸಹಸ್ರ, ಮೂರು ಶತ, ಎರಡು ದಶ, ಒಂದು. ಒಂದೊಂದು ಮನೆಗೂ ಒಂದೊಂದು ಹೆಸರು. ಹತ್ತಿ ಇಳಿಯೋದು ಕಿವಿಗೂ ಕೇಳಿಸುತ್ತೆ.

ಈಗ ಮುಖ್ಯ ವಿಷಯ. ಗುಣಾಕಾರದ ಪಾಠದಲ್ಲಿ ಮಹಾವೀರರು ಮಾಮೂಲಿ ಲೆಕ್ಕಗಳ ಜೊತೆ ಕೆಲವು ವಿಶೇಷ ಲೆಕ್ಕ ಕೊಡ್ತಾರೆ. ಉತ್ತರ ಒಂದು ಹಾರದ ಹಾಗೆ, ಎರಡೂ ಕಡೆಯಿಂದ ಓದಿದರೂ ಒಂದೇ ಆಗಿ ಬರುತ್ತೆ. ಅದನ್ನು ಕಂಠಾಭರಣ, ರಾಜರ ಕೊರಳ ಒಡವೆ ಅಂತೆಲ್ಲ ಕರೀತಾರೆ. ನಾಲ್ಕು ನೋಡಿ:

152207 × 73 = 11111111
142857143 × 7 = 1000000001
12345679 × 9 = 111111111
27994681 × 441 = 12345654321

ಕೊನೆಯದನ್ನು ಇನ್ನೊಂದು ಸಲ ಓದಿ. ಒಂದರಿಂದ ಆರರವರೆಗೆ ಏರಿ, ಕ್ರಮವಾಗಿ ಇಳಿಯುವ ಸಂಖ್ಯೆ. ಇದು ಕಾಪ್ರೇಕರರ ಸರಣಿಯ ಆರನೆಯದು, ಆರು ಒಂದುಗಳ ವರ್ಗ! 441 ಅಂದ್ರೆ 21ರ ವರ್ಗ, 27994681 ಅಂದ್ರೆ 5291ರ ವರ್ಗ, 21ರಿಂದ 5291 ಅನ್ನು ಗುಣಿಸಿದರೆ 111111. ಎರಡು ವರ್ಗಗಳ ಒಳಗೆ ಒಂದುಗಳ ಸಾಲನ್ನು ಅಡಗಿಸಿಟ್ಟಿದ್ದಾರೆ ಆಚಾರ್ಯರು. ಲೆಕ್ಕ ಮಾಡುವ ಹುಡುಗನಿಗೆ ಅದು ಕಾಣೋದಿಲ್ಲ. ಕೊನೆಯ ಸಾಲು ಕೂಡಿದಾಗ ಮಾತ್ರ ಹಾರ ಎದ್ದು ಬರುತ್ತೆ.

ಮೂರನೆಯದರಲ್ಲಿ ಏನು ಕಾಣೆಯಾಗಿದೆ? 1, 2, 3, 4, 5, 6, 7, 9. ನಮ್ಮ ಎಂಟು! 111111111 ಅನ್ನು 9ರಿಂದ ಭಾಗಿಸಿ ನೋಡಿ. 11ರಲ್ಲಿ ಒಂದು ಸಲ, ಶೇಷ 2. 21ರಲ್ಲಿ ಎರಡು ಸಲ, ಶೇಷ 3. ಹೀಗೇ ಹೋಗಿ 71ರಲ್ಲಿ ಏಳು ಸಲ, ಶೇಷ 8. ಈಗ 81 ಬಂತು. ಅದರಲ್ಲಿ ಒಂಬತ್ತು ಸಲ ಸರಿಯಾಗಿ ಹೋಗುತ್ತೆ, ಶೇಷ ಇಲ್ಲ. ಏಳಾದ ಮೇಲೆ ನೇರ ಒಂಬತ್ತು. ಹತ್ತು ಒಂದುಗಳ ವರ್ಗದಲ್ಲಿ ಎಂಟನ್ನು ನುಂಗಿದ್ದೂ, ಇಲ್ಲಿ ಹಾರಿಸಿದ್ದೂ ಒಂದೇ ಕಾರಣ: ನಾವು ಹತ್ತರ ಗುಂಪಿನಲ್ಲಿ ಬರೀತೀವಿ, ಒಂಬತ್ತು ಅದರ ಹಿಂದಿನ ಸಂಖ್ಯೆ.

ಇಬ್ಬರೂ ಸೇರುವ ಜಾಗ

ಈಗ ಪುಣೆಯ ಸಂಖ್ಯೆಯನ್ನು ಬಿಚ್ಚೋಣ. 111111111ರ ಅವಿಭಾಜ್ಯ ಭಾಗಗಳು 3, 3, 37, 333667. ವರ್ಗದಲ್ಲಿ ಇವೆಲ್ಲ ಎರಡೆರಡು ಸಲ ಬರುತ್ತವೆ. ಹಾಗಾಗಿ ನಮ್ಮ ದೊಡ್ಡ ಸಂಖ್ಯೆಗೆ ಒಟ್ಟು 45 ಭಾಜಕಗಳು.

ಅದರ ಅಂಕಿಗಳನ್ನು ಕೂಡಿ. ಒಂದರಿಂದ ಒಂಬತ್ತರವರೆಗೆ 45, ಮತ್ತೆ ಎಂಟರಿಂದ ಒಂದರವರೆಗೆ 36, ಒಟ್ಟು 81. ತನ್ನ ಅಂಕಿಗಳ ಮೊತ್ತದಿಂದ ನಿಶ್ಶೇಷವಾಗಿ ಭಾಗವಾಗುವ ಸಂಖ್ಯೆಗಳಿಗೆ ಕಾಪ್ರೇಕರ್ ಹರ್ಷದ ಸಂಖ್ಯೆ ಅಂತ ಹೆಸರಿಟ್ಟರು, ಸಂತೋಷ ಕೊಡುವಂಥದ್ದು ಅಂತ. ನಮ್ಮದು ಹರ್ಷದವೇ? 81ರಿಂದ ಭಾಗಿಸಿ:

12345678987654321 ÷ 81 = 152415789971041

ಶೇಷ ಇಲ್ಲ. ಬಂದ ಉತ್ತರ ಯಾವುದರ ವರ್ಗ ಗೊತ್ತಾ? 12345679ರ ವರ್ಗ. ಎಂಟಿಲ್ಲದ ಅದೇ ಮಳಖೇಡದ ಸಂಖ್ಯೆ. ಕಾಪ್ರೇಕರರ ಡೆಮ್ಲೋ ಸಂಖ್ಯೆಯನ್ನು ಕಾಪ್ರೇಕರರದೇ ಹರ್ಷದ ನಿಯಮದಿಂದ ಭಾಗಿಸಿದರೆ ಒಳಗೆ ಮಹಾವೀರಾಚಾರ್ಯರ ಹಾರದ ಮಣಿ ಸಿಗುತ್ತೆ.

ಇಲ್ಲೊಂದು ಮಾತು ಸ್ಪಷ್ಟ ಮಾಡಬೇಕು. ಇದನ್ನು ಕೇಳಿ "ನಮ್ಮ ಹಿಂದಿನವರಿಗೆ ಎಲ್ಲ ಮೊದಲೇ ಗೊತ್ತಿತ್ತು" ಅಂತ ವಾಟ್ಸಾಪ್‌ನಲ್ಲಿ ಕಳಿಸಬೇಡಿ. ಕಾಪ್ರೇಕರ್ ಆ ಪುಸ್ತಕದಿಂದ ತಗೊಂಡರು ಅಂತಲೂ ನಾನು ಹೇಳ್ತಿಲ್ಲ. ಮಹಾವೀರರು ಕೊಟ್ಟಿದ್ದು ಬಿಡಿ ಬಿಡಿ ಹಾರಗಳು, ಪಾಠಕ್ಕೆ ಬೇಕಾದಷ್ಟು. ಕಾಪ್ರೇಕರ್ ಕೇಳಿದ್ದು ಬೇರೆ ಪ್ರಶ್ನೆ: ಈ ಹಾರಗಳ ಇಡೀ ಕುಟುಂಬ ಯಾವುದು, ಅದರ ನಿಯಮ ಏನು? ಇಬ್ಬರನ್ನೂ ಒಂದೇ ಕಡೆ ತಂದು ನಿಲ್ಲಿಸಿದ್ದು ಹತ್ತರ ಸ್ಥಾನಬೆಲೆ. ಅದರಲ್ಲಿ ಪ್ರೀತಿಯಿಂದ ಯಾರು ಲೆಕ್ಕ ಮಾಡಿದರೂ ಈ ಸಂಖ್ಯೆಗಳು ದಾರಿಯಲ್ಲಿ ಸಿಕ್ಕೇ ಸಿಗುತ್ತವೆ.

ಹಾರ್ಡಿ ಎತ್ತಿದ ಆಕ್ಷೇಪ

ಇದೆಲ್ಲ ನಿಜವಾದ ಗಣಿತವೇ? ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳೋ ಹಾಗಿಲ್ಲ. ರಾಮಾನುಜನ್ ಅವರನ್ನು ಜಗತ್ತಿಗೆ ತೋರಿಸಿದ ಜಿ. ಎಚ್. ಹಾರ್ಡಿ 1940ರ ತಮ್ಮ ಪುಸ್ತಕ 'ಎ ಮ್ಯಾಥಮ್ಯಾಟಿಶಿಯನ್ಸ್ ಅಪಾಲಜಿ'ಯಲ್ಲಿ ಒಂದು ಉದಾಹರಣೆ ಕೊಡ್ತಾರೆ. ತಿರುಗಿಸಿ ಬರೆದಾಗ ಬರುವ ಸಂಖ್ಯೆಯ ಪೂರ್ಣ ಗುಣಕವಾಗಿರುವ ನಾಲ್ಕಂಕಿಯ ಸಂಖ್ಯೆಗಳು ಎರಡೇ: 8712 ಮತ್ತು 9801. ಒಂದು 2178ರ ನಾಲ್ಕರಷ್ಟು, ಇನ್ನೊಂದು 1089ರ ಒಂಬತ್ತರಷ್ಟು. ಪತ್ರಿಕೆಯ ಒಗಟಿನ ಅಂಕಣಕ್ಕೆ ಸರಿ, ಗಣಿತಜ್ಞನಿಗೆ ಇದರಲ್ಲಿ ಏನೂ ಇಲ್ಲ ಅನ್ನೋದು ಅವರ ತೀರ್ಪು.

ಹಾರ್ಡಿ ಮಾತಿನಲ್ಲಿ ಸತ್ಯ ಇದೆ. ನಮ್ಮ ಸಂಖ್ಯೆಯ ಚೆಲುವು ಅರ್ಧ ಸಂಖ್ಯೆಯದು, ಇನ್ನರ್ಧ ನಾವು ಬರೆಯುವ ರೀತಿಯದು. ಕಂಪ್ಯೂಟರಿನ ದ್ವಿಮಾನ ಪದ್ಧತಿಯಲ್ಲಿ ಬರೆದರೆ ಎರಡು ಒಂದುಗಳ ವರ್ಗವೇ 1001 ಆಗುತ್ತೆ, ನಡುವಿನ 2 ನಿಲ್ಲಲು ಜಾಗ ಇಲ್ಲ. ಹದಿನಾರರ ಪದ್ಧತಿಯಲ್ಲಿ ಹದಿನೈದು ಒಂದುಗಳವರೆಗೆ ಸರ ಹರಿಯೋದಿಲ್ಲ. ಆದರೆ 81ರಿಂದ ಭಾಗವಾಗೋದು, 45 ಭಾಜಕಗಳಿರೋದು ಯಾವ ಪದ್ಧತಿಯಲ್ಲಿ ಬರೆದರೂ ಬದಲಾಗದ ಗುಣ. ಈ ಎರಡನ್ನೂ ಬೇರೆ ಮಾಡಿ ನೋಡೋಕೆ ಕಲಿಯೋದು ಸಣ್ಣ ಪಾಠ ಅಲ್ಲ.

ಆಟದ ಬಾಗಿಲಿನಿಂದ ಒಳಗೆ ಹೋದವರಿಗೆ ದೊಡ್ಡ ಪ್ರಶ್ನೆಗಳೂ ಸಿಗುತ್ತವೆ. ಬರೀ ಒಂದುಗಳ ಸಂಖ್ಯೆಗಳಲ್ಲಿ ಅವಿಭಾಜ್ಯ ಯಾವುವು? 11 ಹೌದು. ಆಮೇಲೆ 19 ಒಂದುಗಳದು, 23 ಒಂದುಗಳದು, ಆಮೇಲೆ ಒಮ್ಮೆಲೇ 317 ಒಂದುಗಳದು, 1031 ಒಂದುಗಳದು. ಇಂಥವು ಕೊನೆಯಿಲ್ಲದಷ್ಟು ಇವೆಯೇ ಅನ್ನೋದನ್ನು ಇವತ್ತಿಗೂ ಯಾರೂ ಸಾಧಿಸಿಲ್ಲ.

ಇನ್ನೊಂದು ತಮಾಷೆ. ಹಾರ್ಡಿಗೆ ಟ್ಯಾಕ್ಸಿಯಲ್ಲಿ ಸಿಕ್ಕಿ, ರಾಮಾನುಜನ್ ಬಾಯಲ್ಲಿ ಅಮರವಾದ 1729 ಇದೆಯಲ್ಲ, ಅದರ ಅಂಕಿಗಳ ಮೊತ್ತ 19. 1729ರಲ್ಲಿ 19 ಸರಿಯಾಗಿ 91 ಸಲ ಹೋಗುತ್ತೆ. ಅದೂ ಹರ್ಷದ ಸಂಖ್ಯೆಯೇ!

ಕ್ಲಾಸ್ ರೂಮಿನ ಮಾತು

ಕಾಪ್ರೇಕರರಿಗೆ ಮನ್ನಣೆ ಬೇಗ ಬರಲಿಲ್ಲ. ಇವರ ಕೆಲಸವನ್ನು ಹಗುರವಾಗಿ ಕಂಡವರೇ ಹೆಚ್ಚು. 1966ರಲ್ಲಿ ಹೆಂಡತಿ ತೀರಿಕೊಂಡರು. ಪಿಂಚಣಿ ಸಾಲದೆ ವಯಸ್ಸಾದ ಮೇಲೂ ಟ್ಯೂಷನ್ ಹೇಳಿ ಜೀವನ ನಡೆಸಬೇಕಾಯ್ತು. 1975ರ ಮಾರ್ಚ್‌ನಲ್ಲಿ ಮಾರ್ಟಿನ್ ಗಾರ್ಡನರ್ 'ಸೈಂಟಿಫಿಕ್ ಅಮೆರಿಕನ್' ಅಂಕಣದಲ್ಲಿ ಇವರ ಬಗ್ಗೆ ಬರೆದಾಗ ಜಗತ್ತಿಗೆ ಹೆಸರು ಗೊತ್ತಾಯ್ತು. ಆಗ ಅವರಿಗೆ 70 ವರ್ಷ. 1986ರಲ್ಲಿ ತೀರಿಕೊಂಡರು.

ಮಹಾವೀರರು ಆ ಹಾರಗಳನ್ನು ಪಾಠದಲ್ಲಿ ಯಾಕೆ ಇಟ್ಟರು ಅಂತ ಯೋಚಿಸ್ತಾ ಇದ್ದೆ. ನನಗೆ ಅನ್ನಿಸೋದು ಇದು. ಒಬ್ಬ ಹುಡುಗ ಧೂಳಿನ ಹಲಗೆಯ ಮೇಲೆ 27994681 ಅನ್ನು 441ರಿಂದ ಗುಣಿಸ್ತಾ ಕೂತಿದ್ದಾನೆ. ಪುಸ್ತಕದ ಹಿಂದೆ ಉತ್ತರಗಳ ಪುಟ ಇಲ್ಲ. ಒಂದು ಕಡೆ ಕೈಯಲ್ಲಿದ್ದ ಒಂದನ್ನು ಕೂಡೋದು ಮರೆತರೂ ಹಾರದ ಒಂದು ಮಣಿ ಬೇರೆಯಾಗುತ್ತೆ. ಗುರುಗಳನ್ನು ಕೇಳಬೇಕಾಗಿಲ್ಲ, ತಪ್ಪು ಎಲ್ಲಿ ಅಂತ ಅವನಿಗೇ ಕಾಣುತ್ತೆ. ಸರಿಯಾದರೆ ಅದರ ಖುಷಿಯೂ ಅವನದೇ. ಹರ್ಷದ ಅಂದ್ರೆ ಇದೇ ಅಲ್ವಾ?

ಈಗ ಮೊದಲಿನ ಎಕ್ಸೆಲ್‌ಗೆ ಬನ್ನಿ. ಯಂತ್ರ ಯಾಕೆ ತಪ್ಪಿತು? ಎಕ್ಸೆಲ್ 15 ಅಂಕಿಗಳನ್ನು ಮಾತ್ರ ಉಳಿಸಿಕೊಳ್ಳುತ್ತೆ, ಮುಂದಿನದಕ್ಕೆ ಸೊನ್ನೆ. ಜಾವಾಸ್ಕ್ರಿಪ್ಟ್‌ನ ಮಾಮೂಲಿ ಸಂಖ್ಯೆಗೆ ಇರೋದು 53 ಬಿಟ್‌ಗಳ ಜಾಗ. 9007199254740992 ದಾಟಿದ ಮೇಲೆ ಬೆಸ ಸಂಖ್ಯೆಗಳನ್ನು ಅದು ಹಿಡಿದಿಡಲಾರದು, ಹತ್ತಿರದ ಸಮ ಸಂಖ್ಯೆಗೆ ಸರಿಸಿಬಿಡುತ್ತೆ. ಇದನ್ನು ಯಂತ್ರ ನಮಗೆ ಹೇಳೋದಿಲ್ಲ. 320 ಅಂತ ಧೈರ್ಯವಾಗಿ ಕೊನೆ ಮಾಡುತ್ತೆ. ಬೆಸವನ್ನು ಬೆಸದಿಂದ ಗುಣಿಸಿದರೆ ಸಮ ಬರೋಕೆ ಸಾಧ್ಯವೇ ಇಲ್ಲ ಅಂತ ಗೊತ್ತಿರುವ ಐದನೇ ತರಗತಿ ಹುಡುಗಿ ಅದನ್ನು ಹಿಡಿದುಬಿಡ್ತಾಳೆ.

ಹಿಂಜವಡಿಯ ಆಫೀಸಿನಲ್ಲಿ ಕೂತು ಇದನ್ನು ಓದ್ತಿರೋ ಕನ್ನಡದ ಗೆಳೆಯರಿಗೂ, ಶಾಲೆಯಲ್ಲಿ ಲೆಕ್ಕ ಹೇಳಿಕೊಡುವ ಮೇಷ್ಟ್ರುಗಳಿಗೂ ನನ್ನದೊಂದು ಕೋರಿಕೆ. ಮನೆಯ ಮಕ್ಕಳಿಗೆ, ಕ್ಲಾಸಿನ ಮಕ್ಕಳಿಗೆ ನಾಳೆ ಒಂದು ದೊಡ್ಡ ಗುಣಾಕಾರ ಕೊಡಿ: 12345679 × 63. ಉತ್ತರ ನಾನಿಲ್ಲಿ ಬರೆಯೋದಿಲ್ಲ. ಸರಿ ಬಂದರೆ ಅವರೇ ಎದ್ದು ಕೂಗ್ತಾರೆ.

ಮುಂದಿನ ವಾರ ಸಿಗೋಣ.